ಆಯಿಯ ಕುತ್ತಿಗೆ ಸ್ಕ್ಯಾನ್: ಶಿರಸಿಯಿಂದ ಶುರುವಾದ ಓಡಾಟದಲ್ಲಿ ನಮಗೆ ತಿಳಿದದ್ದು

ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಬಾಯಿ ಕ್ಯಾನ್ಸರ್ ಅಂತ ಗೊತ್ತಾದ ದಿನ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಹರಡಿದೆಯಾ? ಉತ್ತರ ಸಿಗುವಷ್ಟರಲ್ಲಿ ಎರಡು ಊರಲ್ಲಿ ಕುತ್ತಿಗೆಯ ಅಲ್ಟ್ರಾಸೌಂಡ್ ಆಗಿತ್ತು, ಎರಡೂ ಊರಲ್ಲಿ ಬೇರೆ ಬೇರೆ ಉತ್ತರ ಬಂದಿತ್ತು. ಆಯಿಯ ಚಿಕಿತ್ಸೆ ಈಗಷ್ಟೇ ಮುಗಿದಿದೆ. ಸಿದ್ದಾಪುರ, ಹೊನ್ನಾವರ ಕಡೆಯ ಪರಿಚಯದವರು ಫೋನ್ ಮಾಡಿ ನಮಗೆ ಆಗ ಇದ್ದ ಗೊಂದಲಗಳನ್ನೇ ಕೇಳುತ್ತಿದ್ದಾರೆ. ಅದಕ್ಕೇ ಶುರುವಿನಿಂದ ಬರೆದಿಡುತ್ತಿದ್ದೇನೆ.

ತವರು ಮನೆ ಶಿರಸಿ ಹತ್ತಿರದ ಹಳ್ಳಿ. ನಾನಿರುವುದು ಕುಮಟಾದಲ್ಲಿ. ಆಯಿಗೆ ಕವಳದ ಅಭ್ಯಾಸ ಮದುವೆಯಾಗಿ ಬಂದಾಗಿನಿಂದ ಇತ್ತು. ಊಟ ಆದ ಮೇಲೆ ಕವಳ, ಕೆಲಸದ ನಡುವೆ ಕವಳ. ಎಲೆ, ಅಡಿಕೆ, ಸುಣ್ಣ, ಒಂದು ಚೂರು ತಂಬಾಕು. ಕಳೆದ ಮಳೆಗಾಲದಲ್ಲಿ ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣಾಯಿತು. ಪಕ್ಕದ ದವಡೆ ಹಲ್ಲು ಚೂಪಾಗಿತ್ತು, ಅದು ತಾಗಿ ಆಗಿದೆ ಅಂತ ಆಯಿ ಅಂದುಕೊಂಡಿದ್ದಳು. ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಕೇಳಿದರೆ "ಎಂತೂ ಆಜಿಲ್ಲೆ, ಸುಮ್ನಿರು" ಅನ್ನುವಳು. ನೋವು ಇರಲಿಲ್ಲ, ಹಾಗಾಗಿ ಅವಳ ಮಾತು ನಿಜ ಅನ್ನಿಸುತ್ತಿತ್ತು.

ಹಲ್ಲಿನ ಡಾಕ್ಟರು ಹಲ್ಲಿನ ಚೂಪು ಉಜ್ಜಿ, ಎರಡು ವಾರ ಬಿಟ್ಟು ಬನ್ನಿ ಅಂದರು. ಮತ್ತೆ ಹೋದಾಗ ಕೈಗವಸು ಹಾಕಿಕೊಂಡು ಹುಣ್ಣಿನ ಸುತ್ತ ಬೆರಳಿನಿಂದ ಒತ್ತಿ ನೋಡಿದರು. ಅಂಚು ಗಟ್ಟಿಯಾಗಿತ್ತು. ಅವರು ತಡ ಮಾಡಲಿಲ್ಲ, ಬಯಾಪ್ಸಿಗೆ, ಅಂದರೆ ಹುಣ್ಣಿನಿಂದ ಚೂರು ತೆಗೆದು ಪರೀಕ್ಷಿಸಲು, ಕಳಿಸಿದರು. ಅವರಿಗೆ ನಾವು ಯಾವತ್ತೂ ಋಣಿಗಳು. ಬಾಯಿಯ ಹುಣ್ಣು ಎರಡು ಮೂರು ವಾರದಲ್ಲಿ ಮಾಯದಿದ್ದರೆ ಮುಲಾಮು ಬದಲಾಯಿಸುತ್ತ ಕೂರಬೇಡಿ, ತೋರಿಸಿ. ರಿಪೋರ್ಟ್ ಬಂತು: ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯ ಒಳಪದರದಲ್ಲಿ ಶುರುವಾಗುವ ಕ್ಯಾನ್ಸರ್.

ಅಡಿಕೆ ಬೆಳೆದು ಬದುಕಿದ ಮನೆಯ ಮಗಳಾಗಿ ಮುಂದಿನ ಮಾತು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ತಂಬಾಕು ಹಾಕದಿದ್ದರೆ ಕವಳ ಏನೂ ಮಾಡುವುದಿಲ್ಲ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಊಟ, ಬಟ್ಟೆ, ಓದು ಎಲ್ಲ ಬಂದದ್ದು ಅದೇ ತೋಟದಿಂದ. ಆದರೆ ಮನೆಯ ಹಿರಿಯರ ಬಾಯಿಯನ್ನು ಆಗಾಗ ಬೆಳಕಿನಲ್ಲಿ ನೋಡುವುದಕ್ಕೆ ಅದು ಅಡ್ಡ ಬರಬಾರದು.

ರಿಪೋರ್ಟ್ ಬಂದ ರಾತ್ರಿ ಆಯಿಯ ಎಡ ದವಡೆಯ ಕೆಳಗೆ ಕೈಯಾಡಿಸಿದೆ. ಒಂದು ಗಂಟು ಸಿಕ್ಕಿತು. ಮೆತ್ತಗಿತ್ತು, ಸ್ವಲ್ಪ ಜಾರುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಬಾಯಿಯ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕುತ್ತಿಗೆಯ ಲಿಂಫ್ ನೋಡ್‌ಗಳಿಗೆ (ಸೋಂಕಿನ ವಿರುದ್ಧ ಕೆಲಸ ಮಾಡುವ ಸಣ್ಣ ಗಂಟುಗಳಿಗೆ) ಅಂತ ಹಲ್ಲಿನ ಡಾಕ್ಟರು ಹೇಳಿದ್ದರು. ಒಂದೇ ಒಂದು ನೋಡ್‌ಗೆ ಹೋಗಿದ್ದರೂ ಸ್ಟೇಜ್ ಮೇಲೇರುತ್ತದೆ, ಚಿಕಿತ್ಸೆ ಬದಲಾಗುತ್ತದೆ.

ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಇಲ್ಲೇ ಒಂದು ಸ್ಕ್ಯಾನ್ ಆಗಲಿ ಅಂತ ಎಲ್ಲರೂ ಹೇಳಿದರು. ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು. ರೇಡಿಯಾಲಜಿ ಡಾಕ್ಟರು ವಾರದಲ್ಲಿ ಕೆಲವು ದಿನ ಮಾತ್ರ ಬರುತ್ತಾರೆ ಎಂದರು. ಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಅಲ್ಟ್ರಾಸೌಂಡ್ ಇಡುವ ಜಾಗ ನೋಂದಣಿಯಾಗಿರಬೇಕು, ಮಷಿನ್ ಅನ್ನು ಬೇಕಾದಲ್ಲಿ ಒಯ್ಯುವ ಹಾಗಿಲ್ಲ. ಹಾಗಾಗಿ ಸಣ್ಣ ಊರಲ್ಲಿ ಡಾಕ್ಟರು ಮಷಿನ್ ಇದ್ದಲ್ಲಿಗೆ ಬರುವವರೆಗೆ ಕಾಯಲೇಬೇಕು. ಹೊರಡುವ ಮೊದಲು ಫೋನ್ ಮಾಡಿ, ಡಾಕ್ಟರು ಯಾವತ್ತು ಬರುತ್ತಾರೆ, ಕುತ್ತಿಗೆ ನೋಡುತ್ತಾರಾ ಅಂತ ಎರಡನ್ನೂ ಕೇಳಿ. ನಾವು ಮಳೆಯಲ್ಲಿ ಆಯಿಯನ್ನು ಕರೆದುಕೊಂಡು ಹೋಗಿ ಸುಮ್ನೆ ವಾಪಸ್ ಬಂದದ್ದೂ ಉಂಟು.

ಅಂದು ಹೊರಗೆ ಗರ್ಭಿಣಿಯರ ಸಾಲು ಉದ್ದ ಇತ್ತು. ಆಯಿಯ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಒಳಗೆ ಹೋಗಿ ಹೊರಗೆ ಬರಲು ಐದು ನಿಮಿಷ ಆಗಿರಬಹುದು. ಕೊಟ್ಟದ್ದು 1,200 ರೂಪಾಯಿ. ರಿಪೋರ್ಟ್‌ನಲ್ಲಿ ಕುತ್ತಿಗೆಯ ಬಗ್ಗೆ ಒಂದೇ ಸಾಲು. ಎರಡೂ ಕಡೆ ಸಣ್ಣ ಲಿಂಫ್ ನೋಡ್‌ಗಳಿವೆ, ರಿಯಾಕ್ಟಿವ್ ಇರಬಹುದು. ಅಂದರೆ ಹಲ್ಲು, ಗಂಟಲಿನ ಸೋಂಕಿಗೆ ಊದಿಕೊಂಡ ನೋಡ್‌ಗಳು ಎಂದು. ಅಳತೆ ಇಲ್ಲ, ಯಾವ ಜಾಗ ಅಂತ ಇಲ್ಲ, ಆಕಾರದ ಮಾತಿಲ್ಲ. ಆದರೂ ಮನೆಯವರೆಲ್ಲ ಉಸಿರು ಬಿಟ್ಟರು. ಅಪ್ಪಯ್ಯ ದೇವರ ಮುಂದೆ ದೀಪ ಹಚ್ಚಿದರು. ನೆಂಟರಿಗೆಲ್ಲ ಫೋನ್ ಹೋಯಿತು, ಹರಡಿಲ್ಲವಂತೆ ಅಂತ.

ನಮ್ಮ ಜಿಲ್ಲೆಯವರು ಕ್ಯಾನ್ಸರ್ ಅಂದ ಕೂಡಲೇ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಲಿಂ ಅಂತ ಓಡುವುದು ಹೊಸದಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕಾರವಾರದಿಂದ ಭಟ್ಕಳದವರೆಗೆ ಜನ ಕೇಳುತ್ತಲೇ ಇದ್ದಾರೆ. ನಾವು ದಕ್ಷಿಣದ ದಾರಿ ಹಿಡಿದೆವು. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ, ಮೇಲಿಂದ ಮಳೆ. ತಮ್ಮ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಸುತ್ತಿ ಹೊನ್ನಾವರಕ್ಕೆ ಇಳಿಸಿದ. ಆಯಿಯನ್ನು ಆಮೇಲೆ ಕುಮಟಾದ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಇಲ್ಲಿಂದ ರೈಲಿದೆ, ಮಳೆಯಲ್ಲಿ ಘಟ್ಟ ಹತ್ತಿ ಇಳಿಯುವ ಕಷ್ಟ ಇಲ್ಲ. ಕರಾವಳಿಯಲ್ಲಿ ನೆಂಟರಿದ್ದರೆ ಮಳೆಗಾಲದಲ್ಲಿ ಹೀಗೆ ಮಾಡುವುದು ಒಳ್ಳೆಯದು.

ದೊಡ್ಡ ಆಸ್ಪತ್ರೆಯಲ್ಲಿ ಮೊದಲ ದಿನವೇ ಒಂದು ಅಡ್ಡಿ. ಬಯಾಪ್ಸಿಯ ರಿಪೋರ್ಟ್ ಇದೆ, ಸ್ಲೈಡ್ ಮತ್ತು ಬ್ಲಾಕ್ ಎಲ್ಲಿ ಎಂದರು. ನಮಗೆ ಅದೇನು ಅಂತಲೇ ಗೊತ್ತಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನವರು ಇಟ್ಟುಕೊಳ್ಳುತ್ತಾರೆ, ಅದು ಬ್ಲಾಕ್. ಅದರ ತೆಳು ಪದರ ಕೂರಿಸಿದ ಗಾಜಿನ ಪಟ್ಟಿ ಸ್ಲೈಡ್. ಚಿಕಿತ್ಸೆ ಕೊಡುವ ಆಸ್ಪತ್ರೆಯವರು ಅದನ್ನು ತಾವೇ ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ತಮ್ಮ ವಾಪಸ್ ಹೋಗಿ ಲ್ಯಾಬಿನಲ್ಲಿ ಅರ್ಜಿ ಬರೆದುಕೊಟ್ಟು ತಂದ. ಬಯಾಪ್ಸಿ ರಿಪೋರ್ಟ್ ತರುವ ದಿನವೇ ಸ್ಲೈಡ್, ಬ್ಲಾಕ್ ಎರಡನ್ನೂ ಕೇಳಿ ಇಸಿದುಕೊಳ್ಳಿ. ನಿಮ್ಮ ಒಂದು ಓಡಾಟ ಉಳಿಯುತ್ತದೆ.

ಇನ್ನೊಂದು, ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ನಮ್ಮದು ಎಪಿಎಲ್. ಪ್ಯಾಕೇಜ್ ದರದಲ್ಲಿ (ಯೋಜನೆಯವರು ಆ ಚಿಕಿತ್ಸೆಗೆ ನಿಗದಿ ಮಾಡಿದ ದರ) ಶೇ 30 ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದವರೆಗೆ, ಉಳಿದದ್ದು ನಮ್ಮದು. ಇದಕ್ಕೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಶಿರಸಿಯವರಿಗೆ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಕಾರವಾರದವರಿಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊರಡುವ ಮೊದಲೇ ಚೀಟಿ ಮಾಡಿಸಿ. ರೇಷನ್ ಕಾರ್ಡ್‌ನಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಒಂದೇ ಇದೆಯಾ ನೋಡಿಕೊಳ್ಳಿ. ಸೊಸೈಟಿಯಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಆ ಕಾರ್ಡೂ ಜೊತೆಗಿರಲಿ, ಯಾವ ಆಪರೇಶನ್ ಅದರಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ಅಡ್ಮಿಟ್ ಆಗುವ ಮೊದಲಿನ ಸ್ಕ್ಯಾನ್, ರಕ್ತ ಪರೀಕ್ಷೆಗಳಿಗೆ ನಾವು ಕೈಯಿಂದಲೇ ಕೊಟ್ಟೆವು.

ಸರ್ಜನ್ ಊರಿನ ಸ್ಕ್ಯಾನ್ ರಿಪೋರ್ಟ್ ಓದಿ ಪಕ್ಕಕ್ಕಿಟ್ಟರು. "ಇದರಿಂದ ನನಗೆ ಏನೂ ಗೊತ್ತಾಗುವುದಿಲ್ಲ, ಇನ್ನೊಮ್ಮೆ ಮಾಡಿಸೋಣ" ಅಂದರು. ನನಗೆ ಸಿಟ್ಟು ಬಂತು, ಭಯವೂ ಆಯಿತು. ಹರಡಿಲ್ಲ ಅಂತ ಒಬ್ಬರು ಬರೆದುಕೊಟ್ಟ ಮೇಲೆ ಮತ್ತೆ ಯಾಕೆ?

ಯಾಕೆ ಅನ್ನುವುದು ಸ್ಕ್ಯಾನ್ ಕೋಣೆಯಲ್ಲಿ ಗೊತ್ತಾಯಿತು. ಆಯಿಯ ಜೊತೆ ನನ್ನನ್ನೂ ಒಳಗೆ ಬಿಟ್ಟರು. ಕುತ್ತಿಗೆಯ ಅಲ್ಟ್ರಾಸೌಂಡ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ, ನೀರು ಕುಡಿದು ಕಾಯುವುದೂ ಇಲ್ಲ. ವಿಕಿರಣ ಇಲ್ಲ, ನೋವಿಲ್ಲ. ಕುತ್ತಿಗೆ ಅಗಲವಾಗಿರುವ ರವಿಕೆ ಹಾಕಿಸಿ. ಸರ ತೆಗೆಯಬೇಕಾಗುತ್ತದೆ. ಆಯಿ ಕರಿಮಣಿ ತೆಗೆಯಲು ಹಿಂದೆ ಮುಂದೆ ನೋಡಿದಳು. "ಮಗಳ ಕೈಲಿ ಕೊಡಿ ಅಮ್ಮ, ಮುಗಿದ ಕೂಡಲೇ ಹಾಕಿಕೊಳ್ಳಿ" ಅಂತ ನರ್ಸ್ ಸಮಾಧಾನ ಹೇಳಿದರು. ಭುಜದ ಕೆಳಗೆ ದಿಂಬಿಟ್ಟು ತಲೆ ಹಿಂದಕ್ಕೆ ಬಾಗಿಸಿದರು. ತಣ್ಣನೆಯ ಜೆಲ್ ಹಚ್ಚಿದಾಗ ಆಯಿ ಬೆಚ್ಚಿದಳು.

ಡಾಕ್ಟರು ಹಿಡಿದದ್ದು ಚಪ್ಪಟೆ ತುದಿಯ ಸಣ್ಣ ಪ್ರೋಬ್, ಅಂದರೆ ಚರ್ಮದ ಮೇಲೆ ಆಡಿಸುವ ಸಾಧನ. ಹೊಟ್ಟೆ ನೋಡುವ ಬಾಗಿದ ಪ್ರೋಬ್ ಆಳಕ್ಕೆ ಹೋಗುತ್ತದೆ, ಆದರೆ ಸಣ್ಣದು ಸ್ಪಷ್ಟವಾಗಿ ಕಾಣುವುದಿಲ್ಲ. ಕುತ್ತಿಗೆಗೆ ಹೆಚ್ಚಿನ ಫ್ರೀಕ್ವೆನ್ಸಿಯ ಈ ಪ್ರೋಬ್ ಬೇಕು ಅಂತ ಹೇಳಿದರು. ಗಲ್ಲದ ಕೆಳಗಿನಿಂದ ಶುರು ಮಾಡಿ, ದವಡೆಯ ಉದ್ದಕ್ಕೆ, ಆಮೇಲೆ ಕತ್ತಿನ ರಕ್ತನಾಳದ ಪಕ್ಕ ಮೇಲಿಂದ ಕೆಳಗೆ, ಕಾಲರ್ ಎಲುಬಿನವರೆಗೆ ಬಂದರು. ಬಲಗಡೆಯನ್ನೂ ಹಾಗೇ ನೋಡಿದರು. ಒಂದೊಂದು ಜಾಗಕ್ಕೂ ನಂಬರ್ ಇದೆ, ಲೆವೆಲ್ 1, 2, 3 ಅಂತ. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಮೊದಲು ಹೋಗುವುದು ಈ ಮೂರಕ್ಕೆ. ಪ್ರತಿ ನೋಡ್ ಸಿಕ್ಕಾಗ ನಿಲ್ಲಿಸಿ, ಅಳೆದು, ಚಿತ್ರ ತೆಗೆದುಕೊಳ್ಳುತ್ತಿದ್ದರು. ಅರ್ಧ ಗಂಟೆಯ ಹತ್ತಿರ ಆಯಿತು.

ನಾನು ತಡೆಯಲಾರದೆ, ನನ್ನ ಕೈಗೆ ಸಿಕ್ಕ ಗಂಟು ಅದೇನಾ ಅಂತ ಕೇಳಿದೆ. ಪ್ರೋಬ್ ಅಲ್ಲೇ ಇಟ್ಟು ತೋರಿಸಿದರು. ಅದು ನೋಡ್ ಅಲ್ಲವೇ ಅಲ್ಲ, ದವಡೆಯ ಕೆಳಗಿರುವ ಎಂಜಲಿನ ಗ್ರಂಥಿ. ಎಲ್ಲರಿಗೂ ಇರುತ್ತದೆ, ವಯಸ್ಸಾದಂತೆ ಚರ್ಮ ಸಡಿಲಾಗಿ ಕೈಗೆ ಸಿಗುತ್ತದೆ. ನನ್ನ ಎದೆಯ ಭಾರ ಇಳಿಯಿತು. ಅಷ್ಟರಲ್ಲಿ ಪ್ರೋಬ್ ಸ್ವಲ್ಪ ಹಿಂದೆ ಸರಿಯಿತು, ಲೆವೆಲ್ 2ಕ್ಕೆ.

ಪರದೆಯ ಮೇಲೆ ಎರಡು ನೋಡ್ ಪಕ್ಕ ಪಕ್ಕ ಇದ್ದವು. ಒಂದು ಉದ್ದಕ್ಕೆ ಚಪ್ಪಟೆಯಾಗಿ ಗೇರುಬೀಜದ ಹಾಗೆ, ನಡುವೆ ಬಿಳಿ ಗೆರೆ. ಇದು ಆರೋಗ್ಯವಾಗಿರುವ ನೋಡ್, ಈ ಬಿಳಿ ಗೆರೆ ರಕ್ತನಾಳ ಒಳಗೆ ಹೋಗುವ ಜಾಗ ಎಂದರು. ಇನ್ನೊಂದು ಗುಂಡಗಿತ್ತು, ಕಪ್ಪಗಿತ್ತು. ಗೆರೆ ಇರಲಿಲ್ಲ. ರಕ್ತದ ಓಟ ತೋರಿಸುವ ಡಾಪ್ಲರ್ ಹಾಕಿದಾಗ ಬಣ್ಣದ ಚುಕ್ಕಿಗಳು ನಡುವಿನಿಂದ ಬರುವ ಬದಲು ಅಂಚಿನಲ್ಲಿ ಮಿನುಗಿದವು. ಅಡ್ಡ ಅಳತೆ 9 ಮಿಲಿಮೀಟರ್. ಕೈಯಿಂದ ಒತ್ತಿದರೆ ಸಿಗುತ್ತಲೇ ಇರಲಿಲ್ಲ. ಗಾತ್ರ ನೋಡಿದರೆ ದೊಡ್ಡದೇನಲ್ಲ. ಆದರೆ ಗಾತ್ರ ಒಂದನ್ನೇ ನೋಡಿದರೆ ಸಾಲದು. ಆಕಾರ, ಬಿಳಿ ಗೆರೆ, ಅಂಚು, ರಕ್ತದ ಓಟ ಎಲ್ಲ ಸೇರಿಸಿ ಓದಬೇಕು ಅಂತ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ರಿಪೋರ್ಟ್‌ನಲ್ಲಿ ಇವೆಲ್ಲ ಇವೆಯಾ, ಎರಡೂ ಬದಿಯ ಲೆವೆಲ್‌ಗಳನ್ನು ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ.

ಅನುಮಾನ ಇದೆ, ಆದರೆ ಸ್ಕ್ಯಾನ್ ನೋಡಿ ಕ್ಯಾನ್ಸರ್ ಅಂತ ಹೇಳುವ ಹಾಗಿಲ್ಲ, ಸೂಜಿ ಹಾಕಿ ನೋಡಬೇಕು ಅಂದರು. ಟಿಬಿಯಲ್ಲೂ ನೋಡ್ ಹೀಗೆ ಕಾಣಬಹುದು. ಈ ಸೂಜಿ ಪರೀಕ್ಷೆಗೇ ಎಫ್‌ಎನ್‌ಎಸಿ ಅನ್ನುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ತೆಳು ಸೂಜಿಯನ್ನು ಆ ನೋಡ್‌ಗೇ ಚುಚ್ಚಿ ಸ್ವಲ್ಪ ಕೋಶಗಳನ್ನು ಎಳೆಯುತ್ತಾರೆ.

ಇಲ್ಲಿ ಮನೆಯಲ್ಲಿ ಗಲಾಟೆ ಆಯಿತು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ದೊಡ್ಡಪ್ಪ ಫೋನಿನಲ್ಲಿ ಹಟ ಹಿಡಿದರು. ಆಯಿಯೂ ಬೇಡ ಅಂದಳು. ಸರ್ಜನ್ ಆಯಿಯ ಪಕ್ಕದಲ್ಲೇ ಕೂತು ತಾಳ್ಮೆಯಿಂದ ಹೇಳಿದರು: ಇಷ್ಟು ತೆಳು ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ, ಆದರೆ ಹರಡಿದೆಯಾ ಇಲ್ಲವಾ ಗೊತ್ತಿಲ್ಲದೆ ಚಿಕಿತ್ಸೆ ಶುರು ಮಾಡಿದರೆ ಆಗುವ ನಷ್ಟ ದೊಡ್ಡದು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಪನ" (ಹೋಗೋಣ) ಅಂದಳು. ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ. ಹಿರಿಯರನ್ನು ಗದರಬೇಡಿ, ಡಾಕ್ಟರ ಬಾಯಿಂದಲೇ ಹೇಳಿಸಿ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿಗೆ ಮೊದಲೇ ಹೇಳಿ. ತಾವಾಗಿ ನಿಲ್ಲಿಸಬೇಡಿ. ಆಯಿಗೆ ಇಂಜೆಕ್ಷನ್ ಚುಚ್ಚಿದಷ್ಟೇ ನೋವಾಯಿತಂತೆ. ಹತ್ತಿ ಒತ್ತಿ ಹಿಡಿದು ಕೂತು, ಆಮೇಲೆ ಕ್ಯಾಂಟೀನಿನಲ್ಲಿ ಗಂಜಿ ಉಂಡಳು. ಸ್ಕ್ಯಾನ್, ಸೂಜಿ, ಲ್ಯಾಬ್ ಎಲ್ಲ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು. ಲಾಡ್ಜ್, ಊಟ, ಓಡಾಟಕ್ಕೆ ಅದಕ್ಕಿಂತ ಜಾಸ್ತಿ ಹೋಯಿತು.

ಆಮೇಲಿನದು ಕಾಯುವ ಕಷ್ಟ. ಮಧ್ಯೆ ಚೌತಿ ಬಂತು. ರಜೆ. ಈ ಸಲ ಮನೆಯಲ್ಲಿ ಗಣಪತಿ ತಂದರೂ ಯಾರಿಗೂ ಪಂಚಕಜ್ಜಾಯ ರುಚಿಸಲಿಲ್ಲ. ರಜೆ ಮುಗಿದು ರಿಪೋರ್ಟ್ ಸಿಕ್ಕಾಗ ಅದರಲ್ಲಿದ್ದದ್ದು, ಬರೀ ರಕ್ತ ಬಂದಿದೆ, ಕೋಶಗಳು ಸಾಲದು. ನಮ್ಮ ಜೊತೆ ಕಾಯುತ್ತಿದ್ದ ಅಂಕೋಲಾ ಕಡೆಯ ಒಬ್ಬರು ತಮಗೂ ಹೀಗೇ ಬಂದಾಗ ಕ್ಯಾನ್ಸರ್ ಇಲ್ಲ ಅಂದುಕೊಂಡು ಮನೆಗೆ ಹೊರಟಿದ್ದರಂತೆ, ನರ್ಸ್ ತಡೆದರಂತೆ. ಸಾಲದು ಅಂದರೆ ಪರೀಕ್ಷೆ ಆಗಿಲ್ಲ ಅಂತ ಅಷ್ಟೇ. ಸಣ್ಣ ನೋಡ್‌ಗಳಲ್ಲಿ ಹೀಗಾಗುವುದುಂಟು. ಮತ್ತೆ ಸೂಜಿ ಹಾಕಿಸಿದೆವು. ಈ ಸಲ ಲ್ಯಾಬಿನ ಡಾಕ್ಟರು ಸ್ಕ್ಯಾನ್ ಕೋಣೆಗೇ ಬಂದು, ಸ್ಲೈಡ್ ನೋಡಿ, ಸಾಕು ಅಂದ ಮೇಲೆಯೇ ಆಯಿಯನ್ನು ಎಬ್ಬಿಸಿದರು. ಎರಡನೇ ಸಲ ಹೋಗುವವರು ಈ ಅನುಕೂಲ ಇದೆಯಾ ಅಂತ ಕೇಳಿ.

ಕೋಶಗಳಲ್ಲಿ ಕ್ಯಾನ್ಸರ್ ಇತ್ತು. ತಮ್ಮ ಕಾರಿಡಾರಿನಲ್ಲಿ ಗೋಡೆಗೆ ತಲೆ ಒತ್ತಿ ನಿಂತ. ಆಯಿಗೆ ಹೇಳಿದ್ದು ನಾನು. ಮುಚ್ಚಿಡುವುದು ಬೇಡ ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಅವಳು ಕೇಳಿದ್ದು, "ತೆಗೆಯಲಿಕ್ಕೆ ಆಗ್ತಡ?" (ಆಗುತ್ತದಂತಾ?) ಆಗುತ್ತದೆ ಅಂದೆ.

ಆಮೇಲೆ ಸಿಟಿ ಸ್ಕ್ಯಾನ್. ಅಲ್ಟ್ರಾಸೌಂಡ್ ಆದ ಮೇಲೆ ಇದು ಯಾಕೆ ಅಂತ ಕೇಳುವವರಿಗೆ: ಎಲುಬಿನ ಹಿಂದೆ, ಗಂಟಲಿನ ಹಿಂಭಾಗದ ಆಳದಲ್ಲಿರುವ ನೋಡ್‌ಗಳು ಅಲ್ಟ್ರಾಸೌಂಡ್‌ಗೆ ಕಾಣುವುದಿಲ್ಲ. ಎದೆಯನ್ನೂ ನೋಡಬೇಕು. ಸಿಟಿಯ ಬಣ್ಣದ ಇಂಜೆಕ್ಷನ್‌ಗೆ ಮೊದಲು ಕಿಡ್ನಿಯ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸುತ್ತಾರೆ. ಅದರ ಹಳೆ ರಿಪೋರ್ಟ್ ಇದ್ದರೆ ಒಯ್ಯಿರಿ.

ಆಪರೇಶನ್‌ಗೆ ಸಹಿ ಹಾಕುವಾಗ ತಮ್ಮ ಕೇಳಿದ, ಸ್ಕ್ಯಾನ್ ಕ್ಲೀನ್ ಬಂದಿದ್ದರೆ ನೋಡ್ ತೆಗೆಯಲು ಕುತ್ತಿಗೆ ಕೊಯ್ಯುವುದು ತಪ್ಪುತ್ತಿತ್ತಾ? ತಪ್ಪುತ್ತಿರಲಿಲ್ಲ ಅಂತ ಸರ್ಜನ್ ಅಂದರು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ್ದಾರೆ. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಏನೂ ಕಾಣದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಜೊತೆಗೇ ಕುತ್ತಿಗೆಯ ನೋಡ್‌ಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಕಾದು ನೋಡಿ, ಕಾಣಿಸಿಕೊಂಡಾಗ ತೆಗೆದರು. ಮೂರು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 80, ಎರಡನೆಯದರಲ್ಲಿ ಶೇ 67.5. ಊರಿನ ಸ್ಕ್ಯಾನ್‌ನ ಆ ಒಂದು ಸಾಲು ನಂಬಿಕೊಂಡು ಕುತ್ತಿಗೆ ಬೇಡ, ನಾಲಿಗೆಯದು ಮಾತ್ರ ತೆಗೆಯಿರಿ ಅಂತ ಕೇಳುವವರು ನಮ್ಮಲ್ಲೂ ಇದ್ದರು. ಅಂಥವರು ಇದ್ದರೆ ಈ ಅಂಕಿ ತೋರಿಸಿ.

ಆಪರೇಶನ್ ಆಯಿತು. ಆ ದಿನದ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ. ತೆಗೆದ ನೋಡ್‌ಗಳ ರಿಪೋರ್ಟ್‌ನಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಒಂದು ಸ್ಕ್ಯಾನ್ ತೋರಿಸಿದ್ದೇ. ಇನ್ನೊಂದು ಲೆವೆಲ್ 3ರದ್ದು, ಒಳಗೆ ಬರೀ 3 ಮಿಲಿಮೀಟರಿನ ಕ್ಯಾನ್ಸರ್. ಅದನ್ನು ಅಲ್ಟ್ರಾಸೌಂಡೂ ಹಿಡಿದಿರಲಿಲ್ಲ, ಸಿಟಿಯೂ ಹಿಡಿದಿರಲಿಲ್ಲ. ಅಷ್ಟು ಹೊತ್ತು ಕೂತು ನೋಡಿದ ಡಾಕ್ಟರ ಕಣ್ಣಿಗೂ ಕಾಣದಷ್ಟು ಸಣ್ಣದು. ಆ ರಿಪೋರ್ಟ್ ನೋಡಿಯೇ ರೇಡಿಯೇಶನ್ ಕೊಡಬೇಕೆಂದು ತೀರ್ಮಾನಿಸಿದರು. ವಾರಕ್ಕೆ ಐದು ದಿನದಂತೆ ಕೊಡುತ್ತಾರೆ, ಅಲ್ಲೇ ಹತ್ತಿರ ಬಾಡಿಗೆ ಕೋಣೆ ಮಾಡಬೇಕಾಯಿತು. ಬಾಯಿ ಹುಣ್ಣಾಗಿ ಆಯಿ ತಿಂಗಳುಗಟ್ಟಲೆ ಗಂಜಿತೆಳಿ, ಮಜ್ಜಿಗೆಯಲ್ಲೇ ಇದ್ದಳು. ಮುಗಿಯುವಾಗ ಊರಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು.

ಈಗ ಮೊದಲ ವರ್ಷ ಆಗಾಗ ತೋರಿಸಬೇಕು. ಬೇಕೆನಿಸಿದಾಗ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡುತ್ತಾರೆ. ಆಪರೇಶನ್, ರೇಡಿಯೇಶನ್ ಆದ ಕುತ್ತಿಗೆ ಒಳಗೆ ಗಟ್ಟಿಯಾಗಿರುತ್ತದೆ, ಓದುವುದು ಇನ್ನೂ ಕಷ್ಟ. ಹಿಂದಿನ ಚಿತ್ರಗಳ ಜೊತೆ ಹೋಲಿಸಿ ನೋಡಬೇಕಾಗುತ್ತದೆ. ಸ್ಕ್ಯಾನ್‌ನವರು ಕೊಡುವ ತೆಳು ಕಾಗದದ ಚಿತ್ರಗಳು ಬಿಸಿಲಿಗೆ, ಬಿಸಿಗೆ ಮಾಸಿಹೋಗುತ್ತವೆ. ಕೊಟ್ಟ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ, ಸಿಡಿ ಕೊಡುತ್ತಾರಾ ಕೇಳಿ. ಸಾಧ್ಯವಾದರೆ ಪ್ರತಿ ಸಲ ಅದೇ ಡಾಕ್ಟರ ಹತ್ತಿರ ಮಾಡಿಸಿ. ನಾವು ಈಗ ಸರ್ಜನ್ ಭೇಟಿಯ ದಿನಾಂಕ ಬರೆಸುವಾಗಲೇ ಆ ದಿನ ಸ್ಕ್ಯಾನ್ ಡಾಕ್ಟರು ಇರುತ್ತಾರಾ ಅಂತ ಕೇಳಿ, ಎರಡನ್ನೂ ಒಂದೇ ದಿನಕ್ಕೆ ಹಾಕಿಸುತ್ತೇವೆ. ಕುಮಟಾದಿಂದ ರೈಲಿಗೆ ಹೋಗಿ ಅಂದೇ ವಾಪಸ್ ಬರಬಹುದು, ಲಾಡ್ಜಿನ ಖರ್ಚು ಉಳಿಯುತ್ತದೆ.